ಸುಲ್ತಾನ್ ಬತ್ತೇರಿಯ ಕಲ್ಲಿನ ಬಸದಿ: ಹಳೆಯ ಕಟ್ಟಡಗಳ ಜೀರ್ಣೋದ್ಧಾರ ಹೇಗಿರಬೇಕು?

ಕೇರಳದ ವಯನಾಡು ಜಿಲ್ಲೆಯ ಸುಲ್ತಾನ್ ಬತ್ತೇರಿ ಪಟ್ಟಣದಲ್ಲಿ, ಕೋಳಿಕ್ಕೋಡಿನಿಂದ ಮೈಸೂರಿಗೆ ಹೋಗುವ ಹೆದ್ದಾರಿಯ ಬಳಿ, ಗ್ರಾನೈಟ್ ಶಿಲೆಯಲ್ಲಿ ಕಟ್ಟಿದ ಪುರಾತನ ಜೈನ ಬಸದಿಯೊಂದಿದೆ. ಅದು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ. ಗುಂಡ್ಲುಪೇಟೆಯ ಕಡೆಯಿಂದ ಬಂಡೀಪುರದ ಕಾಡು ದಾಟಿ ವಯನಾಡಿಗೆ ಬರುವ ಕನ್ನಡಿಗರಿಗೆ ಎದುರಾಗುವ ಮೊದಲ ದೊಡ್ಡ ಪಟ್ಟಣ ಇದು. ಬಸದಿಯ ಸುತ್ತ ಅಂಗಡಿಗಳೂ ಮನೆಗಳೂ ಬೆಳೆದಿವೆ. ಒಳಗಿನ ಕಂಬಗಳು ಮಾತ್ರ ಹಳೆಯ ಠೀವಿಯಲ್ಲೇ ನಿಂತಿವೆ. ಹಳೆಯದನ್ನು ಉಳಿಸುವುದು ಹೇಗೆ, ಹೊಸ ಕಾಲದ ಅಗತ್ಯಗಳನ್ನು ಅದರೊಳಗೆ ಅಥವಾ ಅದರ ಪಕ್ಕದಲ್ಲಿ ಒದಗಿಸುವುದು ಹೇಗೆ ಎಂಬ ಪ್ರಶ್ನೆಗೆ ಈ ಬಸದಿ ಒಳ್ಳೆಯ ಪಾಠಪುಸ್ತಕ. ಗಡಿನಾಡಿನ ನಮ್ಮ ಹಳೆಯ ಶಾಲೆ, ಮನೆ, ದೇವಸ್ಥಾನಗಳ ಮುಂದೆಯೂ ಇಂದು ಅದೇ ಪ್ರಶ್ನೆ ನಿಂತಿರುವುದರಿಂದ, ವಿಷಯದ ಮುಖ್ಯ ಅಂಶಗಳನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ಹೆಸರಿನಲ್ಲಿ ಅಡಗಿರುವ ಇತಿಹಾಸ

ಈ ಊರಿಗೆ ಹಲವು ಹೆಸರುಗಳು ಬಂದು ಹೋಗಿವೆ. ಇಲ್ಲಿನ ಗಣಪತಿ ದೇವಸ್ಥಾನದಿಂದಾಗಿ ಇದಕ್ಕೆ ಗಣಪತಿವಟ್ಟಂ ಎಂಬ ಹೆಸರಿತ್ತು. ಜೈನರ ನೆಲೆಯಾಗಿದ್ದ ಕಾಲದಲ್ಲಿ ಹನ್ನೆರಡು ಬೀದಿಗಳಿದ್ದುದರಿಂದ ಹನ್ನೆರಡು ಬೀದಿ ಎಂದು ಕರೆಯುತ್ತಿದ್ದರು ಎಂಬುದು ಸ್ಥಳೀಯ ಹೇಳಿಕೆ. ಈ ಹೆಸರು ಕನ್ನಡವೆಂಬುದನ್ನು ನಮ್ಮ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಟಿಪ್ಪು ಸುಲ್ತಾನನ ಸೈನ್ಯ ಮಲಬಾರಿನ ದಂಡಯಾತ್ರೆಯ ವೇಳೆ ಬಸದಿಯನ್ನು ಮದ್ದುಗುಂಡುಗಳ ಉಗ್ರಾಣವಾಗಿ ಬಳಸಿತು. ಇಂಗ್ಲಿಷರು ಅದನ್ನು ಸುಲ್ತಾನನ ಬ್ಯಾಟರಿ, ಅಂದರೆ ಸುಲ್ತಾನನ ಫಿರಂಗಿ ನೆಲೆ ಎಂದು ದಾಖಲಿಸಿದರು. ಆ ಮಾತೇ ಜನರ ಬಾಯಲ್ಲಿ ಬತ್ತೇರಿಯಾಯಿತು.

ಕಾಸರಗೋಡಿನ ಓದುಗರಿಗೆ ಇಲ್ಲೊಂದು ಗೊಂದಲ ಉಂಟಾಗಬಹುದು. ಮಂಗಳೂರಿನ ಬೋಳೂರಿನಲ್ಲಿ, ಗುರುಪುರ ನದಿಯ ದಡದಲ್ಲಿಯೂ ಸುಲ್ತಾನ್ ಬತ್ತೇರಿ ಇದೆ. ಅದು ಯುದ್ಧನೌಕೆಗಳು ನದಿಯೊಳಗೆ ಬಾರದಂತೆ ತಡೆಯಲು 1784ರಲ್ಲಿ ಟಿಪ್ಪು ಕಟ್ಟಿಸಿದ ಕರಿಕಲ್ಲಿನ ಕಾವಲು ಬುರುಜು. ಮಂಗಳೂರಿನದು ಯುದ್ಧಕ್ಕಾಗಿಯೇ ಕಟ್ಟಿದ ಕಟ್ಟಡ. ವಯನಾಡಿನದು ಯುದ್ಧದ ಕಾಲದಲ್ಲಿ ಉಗ್ರಾಣವಾದ ದೇವಾಲಯ. ಹೆಸರು ಒಂದಾದರೂ ಚರಿತ್ರೆ ಬೇರೆ.

ಬಸದಿಯ ರಚನೆ ಮತ್ತು ಅದು ಕಂಡ ಬದುಕುಗಳು

ಬಸದಿಯನ್ನು ಸಾಮಾನ್ಯವಾಗಿ ಹದಿಮೂರನೆಯ ಶತಮಾನಕ್ಕೆ ಸೇರಿದುದೆಂದು ಹೇಳಲಾಗುತ್ತದೆ. ಅದರ ವಾಸ್ತುವಿನಲ್ಲಿ ವಿಜಯನಗರ ಶೈಲಿಯ ಪ್ರಭಾವವನ್ನು ವಿದ್ವಾಂಸರು ಗುರುತಿಸಿದ್ದಾರೆ. ಗರ್ಭಗೃಹ ಮತ್ತು ಮಂಟಪಗಳನ್ನು ಕಲ್ಲಿನ ಕಂಬ, ತೊಲೆ, ಚಪ್ಪಡಿಗಳಿಂದ ಜೋಡಿಸಲಾಗಿದೆ. ಕಂಬಗಳ ಮೇಲೆ ಉಬ್ಬು ಕೆತ್ತನೆಗಳಿವೆ, ತೀರ್ಥಂಕರರ ರೂಪಗಳಿವೆ. ಮೇಲೆ ಎತ್ತರದ ಗೋಪುರವಿಲ್ಲ. ಹೊರಗಿನಿಂದ ನೋಡುವವರಿಗೆ ಸರಳವಾಗಿ ಕಾಣುವ ಈ ಕಟ್ಟಡದ ಸೊಬಗು ಒಳಗೆ ಕಾಲಿಟ್ಟ ಮೇಲೆಯೇ ತಿಳಿಯುವುದು.

ಈ ಕಟ್ಟಡ ಕನಿಷ್ಠ ಮೂರು ಬದುಕುಗಳನ್ನು ಕಂಡಿದೆ. ಮೊದಲು ಪೂಜೆಯ ಸ್ಥಳ, ಅನಂತರ ವ್ಯಾಪಾರದ ಕೇಂದ್ರ, ಕೊನೆಗೆ ಸೈನ್ಯದ ಉಗ್ರಾಣ. ಇಂದು ಅದು ಸಂರಕ್ಷಿತ ಸ್ಮಾರಕ. ಪ್ರವಾಸಿಗರೂ ವಿದ್ಯಾರ್ಥಿಗಳೂ ಬಂದು ನೋಡಿ ಹೋಗುವ ಸ್ಥಳ. ಒಂದು ಕಟ್ಟಡ ಉಳಿದುಬರುವುದು ಅದಕ್ಕೆ ಏನಾದರೊಂದು ಉಪಯೋಗ ಇದ್ದಾಗ ಎಂಬ ಮಾತಿಗೆ ಇದು ನಿದರ್ಶನ. ಜತೆಗೆ ಇನ್ನೊಂದು ಮಾತನ್ನೂ ಇದು ಕಲಿಸುತ್ತದೆ: ಕಟ್ಟಡದ ಚರಿತ್ರೆ ಯಾವುದೋ ಒಂದು ದಿನಕ್ಕೆ ನಿಂತುಹೋಗುವುದಿಲ್ಲ. ಬಸದಿಯನ್ನು ಕಟ್ಟಿದವರ ಕಾಲ ಮಾತ್ರ ಸತ್ಯ, ಉಗ್ರಾಣವಾಗಿದ್ದ ಕಾಲ ಸುಳ್ಳು ಎನ್ನಲಾಗದು. ಊರಿನ ಹೆಸರನ್ನು ಮತ್ತೆ ಬದಲಾಯಿಸಬೇಕೆಂಬ ಮಾತು 2024ರ ಲೋಕಸಭಾ ಚುನಾವಣೆಯ ವೇಳೆ ಎದ್ದಿತ್ತು. ರಾಜಕೀಯದ ವಾದಗಳೇನೇ ಇರಲಿ, ಕಟ್ಟಡ ಮಾತ್ರ ತನ್ನ ಮೇಲೆ ಬಂದ ಎಲ್ಲ ಕಾಲಗಳನ್ನೂ ಒಟ್ಟಿಗೆ ಹೊತ್ತು ನಿಂತಿದೆ.

ವಯನಾಡಿನಲ್ಲಿ ಜೈನರ ಕುರುಹು ಇದೊಂದೇ ಅಲ್ಲ. ಪನಮರಂ ಸಮೀಪದ ಪುಂಜವಯಲಿನ ಹೊಲಗಳ ನಡುವೆ ಜನಾರ್ದನಗುಡಿ, ವಿಷ್ಣುಗುಡಿ ಎಂಬ ಎರಡು ಶಿಲಾ ದೇಗುಲಗಳಿವೆ. ದೀರ್ಘಕಾಲ ಗಿಡಗಂಟಿಗಳು ಬೇರು ಬಿಟ್ಟು ಅವುಗಳ ಕಲ್ಲುಗಳು ಸಡಿಲಗೊಂಡಿದ್ದವು. ಅವನ್ನೂ ಕೇಂದ್ರ ಪುರಾತತ್ತ್ವ ಇಲಾಖೆ ತನ್ನ ರಕ್ಷಣೆಗೆ ತೆಗೆದುಕೊಂಡಿದೆ. ಗುಡಿ ಎಂಬ ಪದವೂ ಕನ್ನಡಿಗರ ಕಿವಿಗೆ ಪರಿಚಿತವೇ. ಕಲ್ಪೆಟ್ಟಾ ಬಳಿಯ ಪುಳಿಯಾರ್‌ಮಲೆಯ ಅನಂತನಾಥ ಸ್ವಾಮಿ ಬಸದಿಯಲ್ಲಿ ಇಂದಿಗೂ ಪೂಜೆ ನಡೆಯುತ್ತದೆ. ಹೀಗೆ ಒಂದೇ ಜಿಲ್ಲೆಯಲ್ಲಿ ಪೂಜೆ ನಿಂತು ಸ್ಮಾರಕವಾದ ಬಸದಿ, ಪಾಳುಬಿದ್ದ ಗುಡಿಗಳು, ಜೀವಂತ ಬಸದಿ ಎಂಬ ಮೂರು ಸ್ಥಿತಿಗಳನ್ನು ನಾವು ಕಾಣಬಹುದು. ಮೂರಕ್ಕೂ ಬೇಕಾದ ಆರೈಕೆ ಬೇರೆ ಬೇರೆ.

ಜೀರ್ಣೋದ್ಧಾರ ಎಂದರೇನು?

ನಮ್ಮಲ್ಲಿ ಜೀರ್ಣೋದ್ಧಾರ ಎಂಬ ಪದವನ್ನು ಬಹಳ ಸಡಿಲವಾಗಿ ಬಳಸುತ್ತೇವೆ. ಹಳೆಯದನ್ನು ಪೂರ್ತಿ ಕೆಡವಿ ಅದೇ ಜಾಗದಲ್ಲಿ ಕಾಂಕ್ರೀಟಿನಲ್ಲಿ ಹೊಸದು ಕಟ್ಟಿದರೂ ಜೀರ್ಣೋದ್ಧಾರ ಎನ್ನುತ್ತೇವೆ. ಒಡೆದ ಹಂಚು ಬದಲಾಯಿಸಿದರೂ ಅದೇ ಪದ. ಈ ಕ್ಷೇತ್ರದಲ್ಲಿ ಕೆಲಸ ಮಾಡುವವರು ನಾಲ್ಕು ಹಂತಗಳನ್ನು ಪ್ರತ್ಯೇಕವಾಗಿ ನೋಡುತ್ತಾರೆ.

ಮೊದಲನೆಯದು ನಿತ್ಯ ನಿರ್ವಹಣೆ. ಮಾಡಿನ ಮೇಲಿನ ಎಲೆ ತೆಗೆಯುವುದು, ನೀರು ಹರಿಯುವ ದಾರಿ ಬಿಡಿಸುವುದು, ಗೋಡೆಯಲ್ಲಿ ಹುಟ್ಟಿದ ಆಲ, ಅಶ್ವತ್ಥದ ಸಸಿಯನ್ನು ಎಳೆಯದಿರುವಾಗಲೇ ಕೀಳುವುದು. ಖರ್ಚು ಕಡಿಮೆ, ಫಲ ಹೆಚ್ಚು.

ಎರಡನೆಯದು ದುರಸ್ತಿ. ಕೆಟ್ಟ ಭಾಗವನ್ನಷ್ಟೇ ಅದೇ ಬಗೆಯ ವಸ್ತುವಿನಿಂದ ಸರಿಪಡಿಸುವುದು.

ಮೂರನೆಯದು ಪುನಃಸ್ಥಾಪನೆ. ಕುಸಿದ ಅಥವಾ ಜಾರಿದ ಭಾಗಗಳನ್ನು ಮೊದಲಿದ್ದ ಸ್ಥಾನದಲ್ಲಿ ಮತ್ತೆ ನಿಲ್ಲಿಸುವುದು. ಕಲ್ಲಿನ ದೇಗುಲಗಳಲ್ಲಿ ಪ್ರತಿ ಕಲ್ಲಿಗೂ ಸಂಖ್ಯೆ ಕೊಟ್ಟು, ಚಿತ್ರ ತೆಗೆದು, ನಕ್ಷೆ ಬರೆದು, ಬಿಚ್ಚಿ, ಅಡಿಪಾಯ ಬಲಪಡಿಸಿ, ಮತ್ತೆ ಅದೇ ಕ್ರಮದಲ್ಲಿ ಜೋಡಿಸುವ ಪದ್ಧತಿ ಇದೆ.

ನಾಲ್ಕನೆಯದು ಹೊಸ ಉಪಯೋಗಕ್ಕೆ ಹೊಂದಿಸುವುದು. ಹಳೆಯ ಮನೆ ಗ್ರಂಥಾಲಯವಾಗಬಹುದು, ಕಚೇರಿ ವಸ್ತುಸಂಗ್ರಹಾಲಯವಾಗಬಹುದು. ವಿದ್ಯುತ್ತು, ಶೌಚಾಲಯ, ಇಳಿಜಾರು ದಾರಿ ಮುಂತಾದ ಸೌಕರ್ಯಗಳು ಬರುವುದು ಈ ಹಂತದಲ್ಲಿ.

ಪೂರ್ತಿ ಕೆಡವಿ ಹೊಸದು ಕಟ್ಟುವುದು ಈ ನಾಲ್ಕರಲ್ಲಿ ಯಾವುದೂ ಅಲ್ಲ. ಅದು ಹೊಸ ಕಟ್ಟಡ. ಕೆಲವೊಮ್ಮೆ ಅದು ಅನಿವಾರ್ಯವಾಗಬಹುದು. ಆಗ ಅದನ್ನು ಹೊಸ ಕಟ್ಟಡವೆಂದೇ ಕರೆಯುವುದು ಪ್ರಾಮಾಣಿಕತೆ.

ಜಗತ್ತು ಒಪ್ಪಿದ ಕೆಲವು ತತ್ತ್ವಗಳು

ಭಾರತದಲ್ಲಿ ಪುರಾತತ್ತ್ವ ಇಲಾಖೆಯ ಮಹಾನಿರ್ದೇಶಕರಾಗಿದ್ದ ಜಾನ್ ಮಾರ್ಷಲ್ 1923ರಲ್ಲಿ ಪ್ರಕಟಿಸಿದ ಸಂರಕ್ಷಣಾ ಕೈಪಿಡಿ ಬಹುಕಾಲ ಇಲಾಖೆಯ ಎಂಜಿನಿಯರುಗಳಿಗೆ ದಾರಿದೀಪವಾಗಿತ್ತು. ಹಳೆಯ ಕಟ್ಟಡವನ್ನು ಹೊಸದಾಗಿಸುವುದು ನಮ್ಮ ಕರ್ತವ್ಯವಲ್ಲ, ಇದ್ದುದನ್ನು ಕಾಯುವುದು ಕರ್ತವ್ಯ ಎಂಬುದು ಅದರ ಸಾರ. 1964ರ ವೆನಿಸ್ ಸನ್ನದು ಈ ವಿಚಾರಗಳನ್ನು ಜಾಗತಿಕ ಮಟ್ಟದಲ್ಲಿ ಸ್ಪಷ್ಟಗೊಳಿಸಿತು. ಅದರ ಮುಖ್ಯ ಅಂಶಗಳು ಇವು: ಕಟ್ಟಡಕ್ಕೆ ಸಮಾಜೋಪಯೋಗಿ ಬಳಕೆ ಇದ್ದರೆ ಅದರ ರಕ್ಷಣೆ ಸುಲಭ, ಆದರೆ ಆ ಬಳಕೆಗಾಗಿ ಅದರ ವಿನ್ಯಾಸ, ಅಲಂಕಾರಗಳನ್ನು ಕೆಡಿಸಬಾರದು. ಎಲ್ಲಿ ಊಹೆ ಆರಂಭವಾಗುತ್ತದೆಯೋ ಅಲ್ಲಿ ಪುನಃಸ್ಥಾಪನೆ ನಿಲ್ಲಬೇಕು. ಬೇರೆ ಬೇರೆ ಕಾಲಗಳಲ್ಲಿ ಸೇರಿದ ಮೌಲ್ಯವುಳ್ಳ ಭಾಗಗಳನ್ನು ಗೌರವಿಸಬೇಕು. ಹೊಸದಾಗಿ ಸೇರಿಸಿದ ಭಾಗ ಹಳೆಯದಕ್ಕೆ ಹೊಂದಬೇಕು, ಆದರೆ ಗಮನಿಸಿ ನೋಡಿದವರಿಗೆ ಇದು ಹೊಸದು ಎಂದು ಗೊತ್ತಾಗಬೇಕು.

ಕಲ್ಲಿನ ಕಟ್ಟಡಕ್ಕೆ ಒಪ್ಪುವ ಈ ನಿಯಮ ಮರ, ಮಣ್ಣಿನ ಕಟ್ಟಡಗಳಿಗೆ ಯಥಾವತ್ತಾಗಿ ಒಪ್ಪದು ಎಂಬ ತಿಳಿವಳಿಕೆ ಅನಂತರ ಬಂತು. ಜಪಾನಿನ ಇಸೆ ದೇಗುಲವನ್ನು 20 ವರ್ಷಗಳಿಗೊಮ್ಮೆ ಹೊಸ ಮರದಿಂದ ಅದೇ ಅಳತೆಯಲ್ಲಿ ಕಟ್ಟುತ್ತಾರೆ. 2013ರಲ್ಲಿಯೂ ಹಾಗೆ ಕಟ್ಟಿದರು. ಅಲ್ಲಿ ಉಳಿದುಬಂದಿರುವುದು ಮರವಲ್ಲ, ಬಡಗಿಯ ವಿದ್ಯೆ. 1994ರಲ್ಲಿ ಜಪಾನಿನ ನಾರಾ ನಗರದಲ್ಲಿ ಸೇರಿದ ತಜ್ಞರು, ಆಯಾ ಸಂಸ್ಕೃತಿಯ ದೃಷ್ಟಿಯಿಂದಲೇ ಮೂಲತನವನ್ನು ಅಳೆಯಬೇಕೆಂದು ಒಪ್ಪಿಕೊಂಡರು. ನಮ್ಮ ಹಂಚಿನ ಮಾಡು, ಮುಚ್ಚಿಗೆ, ಕೆತ್ತನೆಯ ಬಾಗಿಲುಗಳ ವಿಷಯದಲ್ಲಿ ಇದು ನೆನಪಿಡಬೇಕಾದ ಮಾತು. ಕೊಳೆತ ಪಕ್ಕಾಸನ್ನು ಬದಲಾಯಿಸುವುದು ಅಪಚಾರವಲ್ಲ. ಪಕ್ಕಾಸು ಜೋಡಿಸಬಲ್ಲ ಆಚಾರಿಯೇ ಊರಿನಲ್ಲಿ ಇಲ್ಲವಾಗುವುದು ನಿಜವಾದ ನಷ್ಟ.

ಗಾರೆ ಮತ್ತು ಸಿಮೆಂಟು

ಹಳೆಯ ಕಟ್ಟಡಗಳಿಗೆ ಒಳ್ಳೆಯ ಮನಸ್ಸಿನಿಂದಲೇ ಆಗುವ ದೊಡ್ಡ ಹಾನಿಯೆಂದರೆ ಸಿಮೆಂಟಿನ ಲೇಪ. ಇದರ ಕಾರಣವನ್ನು ಪ್ರೌಢಶಾಲೆಯ ರಸಾಯನಶಾಸ್ತ್ರದಿಂದಲೇ ಅರ್ಥಮಾಡಿಕೊಳ್ಳಬಹುದು.

ಸುಣ್ಣದ ಕಲ್ಲು ಅಥವಾ ಕಡಲ ಚಿಪ್ಪು ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಅದನ್ನು ಗೂಡಿನಲ್ಲಿ ಸುಟ್ಟಾಗ ಇಂಗಾಲದ ಡೈ ಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದರೆ ಕುದಿದು ಅರಳುತ್ತದೆ. ಅದೇ ಅರಳಿದ ಸುಣ್ಣ. ಮರಳಿನೊಡನೆ ಬೆರೆಸಿ ಗೋಡೆಗೆ ಹಚ್ಚಿದ ಮೇಲೆ ಅದು ಗಾಳಿಯಿಂದ ಇಂಗಾಲದ ಡೈ ಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಅಂದರೆ ಗಾರೆ ಹಲವು ತಿಂಗಳುಗಳಲ್ಲಿ, ವರ್ಷಗಳಲ್ಲಿ ಮತ್ತೆ ಕಲ್ಲಾಗುತ್ತದೆ. ಹಿಂದಿನವರು ಇದಕ್ಕೆ ಇಟ್ಟಿಗೆಯ ಪುಡಿ, ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಮುಂತಾದವನ್ನು ಸೇರಿಸಿ ಅಂಟು, ಗಟ್ಟಿತನ ಹೆಚ್ಚಿಸುತ್ತಿದ್ದರು.

ಗಾರೆಗೆ ಸೂಕ್ಷ್ಮ ರಂಧ್ರಗಳಿವೆ. ಗೋಡೆಯೊಳಗೆ ಸೇರಿದ ತೇವ ಆ ರಂಧ್ರಗಳ ಮೂಲಕ ಹೊರಬಂದು ಆವಿಯಾಗುತ್ತದೆ. ಕಟ್ಟಡ ಅಲ್ಪಸ್ವಲ್ಪ ಅಲುಗಾಡಿದರೂ ಗಾರೆ ಬಾಗಿಕೊಡುತ್ತದೆ. ಸಿಮೆಂಟು ಹಾಗಲ್ಲ. ಅದು ಗಡುಸು, ಬಿಗಿ. ಮುರಕಲ್ಲು ಅಥವಾ ಮಣ್ಣಿನ ಗೋಡೆಗೆ ಸಿಮೆಂಟು ಮೆತ್ತಿದರೆ ಒಳಗಿನ ನೀರಿಗೆ ಹೊರಬರಲು ದಾರಿ ಇರುವುದಿಲ್ಲ. ತೇವ ಗೋಡೆಯೊಳಗೇ ನಿಂತು ಕಲ್ಲನ್ನು ಮೆದುವಾಗಿಸುತ್ತದೆ. ಲವಣಗಳು ಹರಳುಗಟ್ಟಿ ಮೇಲ್ಮೈಯನ್ನು ಸಿಡಿಸುತ್ತವೆ. ಹೊರಗಿನ ಲೇಪ ಹೊಸದರಂತೆ ಕಾಣುತ್ತಿರುವಾಗಲೇ ಒಳಗಿನ ಗೋಡೆ ಪುಡಿಯಾಗುತ್ತಿರುತ್ತದೆ. ವಯನಾಡು, ಕಾಸರಗೋಡಿನಂಥ ಮಳೆನಾಡಿನಲ್ಲಿ ಇದು ಇನ್ನೂ ಬೇಗ ನಡೆಯುತ್ತದೆ.

ಬಣ್ಣದ ವಿಷಯವೂ ಹಾಗೆಯೇ. ಕೆತ್ತನೆಯ ಕಂಬಕ್ಕೆ ಆಯಿಲ್ ಪೇಂಟ್ ಬಳಿದರೆ ಉಳಿಯ ಸೂಕ್ಷ್ಮ ಗೆರೆಗಳು ಮುಚ್ಚಿಹೋಗುತ್ತವೆ. ಶಾಸನದ ಕಲ್ಲಿಗೆ ಬಳಿದರೆ ಅಕ್ಷರಗಳೇ ಅಳಿಯುತ್ತವೆ. ಗಡಿನಾಡಿನಲ್ಲಿ ಒಂದೊಂದು ಕನ್ನಡ ಶಾಸನವೂ ನಮ್ಮ ಭಾಷೆ ಇಲ್ಲಿ ಬಾಳಿತ್ತೆಂಬುದಕ್ಕೆ ಲಿಖಿತ ಸಾಕ್ಷಿ. ಅದರ ಮೇಲೆ ಬಣ್ಣ ಬಳಿಯುವುದೆಂದರೆ ಸಾಕ್ಷಿಯ ಬಾಯಿ ಮುಚ್ಚಿದಂತೆ.

ಕಾನೂನು ಏನು ಹೇಳುತ್ತದೆ?

ಸಂವಿಧಾನದ 49ನೆಯ ವಿಧಿ ರಾಷ್ಟ್ರೀಯ ಮಹತ್ವದ ಸ್ಮಾರಕಗಳ ರಕ್ಷಣೆಯನ್ನು ಸರ್ಕಾರದ ಹೊಣೆಯೆನ್ನುತ್ತದೆ. 51ಎ ವಿಧಿ ನಮ್ಮ ಸಮ್ಮಿಶ್ರ ಸಂಸ್ಕೃತಿಯ ಪರಂಪರೆಯನ್ನು ಗೌರವಿಸಿ ಕಾಪಾಡುವುದನ್ನು ಪ್ರತಿಯೊಬ್ಬ ನಾಗರಿಕನ ಕರ್ತವ್ಯಗಳಲ್ಲಿ ಸೇರಿಸಿದೆ.

ಸುಲ್ತಾನ್ ಬತ್ತೇರಿಯ ಬಸದಿಗೆ ಅನ್ವಯಿಸುವುದು 1958ರ ಪ್ರಾಚೀನ ಸ್ಮಾರಕಗಳು ಮತ್ತು ಪುರಾತತ್ತ್ವ ಸ್ಥಳಗಳು ಹಾಗೂ ಅವಶೇಷಗಳ ಕಾಯ್ದೆ. ಕನಿಷ್ಠ 100 ವರ್ಷ ಹಳೆಯದಾದ, ಐತಿಹಾಸಿಕ, ಪುರಾತತ್ತ್ವ ಅಥವಾ ಕಲಾತ್ಮಕ ಮಹತ್ವವುಳ್ಳ ರಚನೆಯನ್ನು ಈ ಕಾಯ್ದೆ ಪ್ರಾಚೀನ ಸ್ಮಾರಕವೆನ್ನುತ್ತದೆ. 2010ರ ತಿದ್ದುಪಡಿಯಂತೆ ರಕ್ಷಿತ ಪ್ರದೇಶದ ಎಲ್ಲೆಯಿಂದ 100 ಮೀಟರ್‌ವರೆಗೆ ನಿಷಿದ್ಧ ಪ್ರದೇಶ. ಅಲ್ಲಿ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ. ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ; ಅಲ್ಲಿ ಅನುಮತಿ ಪಡೆದು ಕಟ್ಟಬಹುದು. ನಿಷಿದ್ಧ ಪ್ರದೇಶದಲ್ಲಿ ಮೊದಲೇ ಇದ್ದ ಮನೆಗಳ ದುರಸ್ತಿಗೂ ಷರತ್ತುಗಳಿಗೆ ಒಳಪಟ್ಟು ಅನುಮತಿ ಕೇಳಬಹುದು. ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರ ಈ ಅನುಮತಿಗಳ ವಿಷಯವನ್ನು ಪರಿಶೀಲಿಸುತ್ತದೆ. ರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದವರಿಗೆ 2 ವರ್ಷಗಳವರೆಗೆ ಸೆರೆವಾಸ, 1 ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಕಂಬದ ಮೇಲೆ ಹೆಸರು ಗೀಚುವ ಪ್ರವಾಸಿ ಮಕ್ಕಳಿಗೂ ಅವರ ಮೇಷ್ಟರಿಗೂ ಇದು ತಿಳಿದಿರಬೇಕು.

ಪಟ್ಟಣದ ನಡುವಿನ ಸ್ಮಾರಕದ ಸುತ್ತ ಇಂಥ ನಿಯಮ ಇರುವಾಗ ನೆರೆಯ ಜಾಗದವರಿಗೆ ತೊಂದರೆಯಾಗುವುದು ಸುಳ್ಳಲ್ಲ. 2015ರಲ್ಲಿ ನಗರಸಭೆಯಾದ, ಇನ್ನೂ ಬೆಳೆಯುತ್ತಿರುವ ಊರಿನಲ್ಲಿ ನೂರು ಮೀಟರ್ ಜಾಗ ಸಣ್ಣದಲ್ಲ. ನಿಯಮವನ್ನು ಬರೇ ನಿಷೇಧವಾಗಿ ಜನರ ಮುಂದಿಟ್ಟರೆ ಬಸದಿ ಅವರಿಗೆ ಭಾರವೆನಿಸುತ್ತದೆ. ಅನುಮತಿಯ ದಾರಿಯನ್ನು ಜನರ ಭಾಷೆಯಲ್ಲಿ ತಿಳಿಸಿ, ಪ್ರವಾಸಿಗರಿಂದ ಬರುವ ಆದಾಯದ ಪಾಲು ಸುತ್ತಲಿನವರಿಗೂ ಸಿಗುವಂತಾದರೆ ಅವರೇ ಅದರ ಕಾವಲುಗಾರರಾಗುತ್ತಾರೆ.

ರಾಜ್ಯ ಮಟ್ಟದ ಮಹತ್ವವುಳ್ಳ ಕಟ್ಟಡಗಳಿಗೆ ಕೇರಳದಲ್ಲಿ 1968ರ ಪ್ರತ್ಯೇಕ ಕಾಯ್ದೆ ಇದೆ. ಆದರೆ ನಮ್ಮ ಊರುಗಳ ಬಹುಪಾಲು ಹಳೆಯ ಮನೆ, ಶಾಲೆ, ಭಜನಾ ಮಂದಿರಗಳು ಯಾವ ಪಟ್ಟಿಯಲ್ಲಿಯೂ ಇಲ್ಲ. ಅವುಗಳ ಭವಿಷ್ಯ ಆಡಳಿತ ಮಂಡಳಿಯ, ಪಾಲಕರ, ಊರವರ ವಿವೇಕದ ಮೇಲೆಯೇ ನಿಂತಿದೆ.

ಹಳೆಯದೂ ಹೊಸದೂ ಜತೆಯಾದ ಉದಾಹರಣೆಗಳು

ಉಳಿಸುವುದೆಂದರೆ ಬೀಗ ಹಾಕಿ ಇಡುವುದೆಂದು ಅರ್ಥವಲ್ಲ. ಬೆಂಗಳೂರಿನ ಅಠಾರಾ ಕಚೇರಿ 1868ರಲ್ಲಿ ಪೂರ್ಣಗೊಂಡ ಕೆಂಪು ಕಟ್ಟಡ. ಇಂದು ಕರ್ನಾಟಕ ಉಚ್ಚ ನ್ಯಾಯಾಲಯ ಅದರಲ್ಲಿದೆ. 1980ರ ದಶಕದಲ್ಲಿ ಅದನ್ನು ಕೆಡವುವ ಪ್ರಸ್ತಾಪ ಬಂದಾಗ ನಾಗರಿಕರು ನ್ಯಾಯಾಲಯದ ಮೊರೆಹೋದರು, ಕಟ್ಟಡ ಉಳಿಯಿತು. ಅನಂತರ ಹೆಚ್ಚಿನ ಜಾಗ ಬೇಕಾದಾಗ ಮೂಲ ಕಟ್ಟಡವನ್ನು ಹಾಗೆಯೇ ಇರಿಸಿ ವಿಸ್ತರಣೆ ಮಾಡಲಾಯಿತು.

ಬೆಂಗಳೂರಿನ ಅರಮನೆ ರಸ್ತೆಯಲ್ಲಿರುವ ಮಾಣಿಕ್ಯವೇಲು ಮಹಲು 2009ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವಾಗಿ ತೆರೆಯಿತು. ಹಳೆಯ ಮನೆಯ ಕೋಣೆಗಳು ಚಿತ್ರಶಾಲೆಗಳಾದವು. ಸಾಲದ ಜಾಗಕ್ಕಾಗಿ ಹೊಸ ಕಟ್ಟಡವೊಂದು ಜತೆಗೆ ಬಂತು. ಹೊಸದು ಹಳೆಯದರ ವೇಷ ಹಾಕಿಲ್ಲ. ಅದು ತನ್ನ ಕಾಲದ ಕಟ್ಟಡವಾಗಿಯೇ ಇದೆ. ಮರಗಳನ್ನೂ ಉಳಿಸಿಕೊಳ್ಳಲಾಗಿದೆ.

ನಮಗೆ ಇನ್ನೂ ಹತ್ತಿರದ ಉದಾಹರಣೆ ಮಂಜೇಶ್ವರದಲ್ಲಿದೆ. ರಾಷ್ಟ್ರಕವಿ ಎಂ. ಗೋವಿಂದ ಪೈಗಳು ಬಾಳಿದ ಮನೆಯನ್ನು ಸ್ಮಾರಕವಾಗಿ ಉಳಿಸಿ, ಅವರ ಕವನ ಸಂಕಲನದ ಹೆಸರಾದ ಗಿಳಿವಿಂಡು ಎಂಬ ಹೆಸರಿನಲ್ಲಿ ಸಾಂಸ್ಕೃತಿಕ ಕೇಂದ್ರವನ್ನು ರೂಪಿಸಲಾಗಿದೆ. ಕವಿಯ ಮನೆಯನ್ನು ಕೆಡವಿ ದೊಡ್ಡ ಸಭಾಂಗಣ ಕಟ್ಟಿದ್ದರೆ ನಮಗೆ ಸಭಾಂಗಣ ಸಿಗುತ್ತಿತ್ತು, ಕವಿಯ ಮನೆ ಸಿಗುತ್ತಿರಲಿಲ್ಲ.

ನಿರ್ಲಕ್ಷ್ಯದ ಬೆಲೆ

ಪರಂಪರೆಯ ಹೆಸರಿನಲ್ಲಿ ಅಪಾಯವನ್ನು ಸಹಿಸಿಕೊಳ್ಳಬೇಕೆಂದು ಯಾರೂ ಹೇಳಬಾರದು. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ಜೀವಹಾನಿಯಾಯಿತು. 2016ರಲ್ಲಿ ಅದೇ ನಗರದ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿಯಿತು. ಕೆಡವಬೇಕೋ ಉಳಿಸಬೇಕೋ ಎಂಬ ವಾದ ಅಲ್ಲಿ ವರ್ಷಗಟ್ಟಲೆ ನಡೆಯಿತು. ಕಾಲಕಾಲಕ್ಕೆ ನಿರ್ವಹಣೆ ನಡೆಯದ ಕಟ್ಟಡವೇ ಕೊನೆಗೆ ಇಂಥ ವಾದದ ಕಟಕಟೆಗೆ ಬಂದು ನಿಲ್ಲುವುದು.

ಸುಲ್ತಾನ್ ಬತ್ತೇರಿಯ ಹೆಸರು ಶಾಲಾ ಪಾಲಕರಿಗೆ ಇನ್ನೊಂದು ನೋವಿನ ನೆನಪನ್ನೂ ತರುತ್ತದೆ. 2019ರ ನವೆಂಬರಿನಲ್ಲಿ ಈ ಪಟ್ಟಣದ ಸರ್ಕಾರಿ ಶಾಲೆಯೊಂದರ ತರಗತಿಯ ನೆಲದ ಬಿಲದಲ್ಲಿದ್ದ ಹಾವು ಕಚ್ಚಿ ಐದನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಪ್ರಾಣ ಕಳೆದುಕೊಂಡಳು. ಇಡೀ ಕೇರಳ ಅಂದು ತನ್ನ ಶಾಲೆಗಳ ನೆಲ, ಗೋಡೆ, ಆವರಣಗಳತ್ತ ತಿರುಗಿ ನೋಡಿತು. ಈ ದುರಂತದಿಂದ ಕಲಿಯಬೇಕಾದುದು ಹಳೆಯ ಕಟ್ಟಡಗಳನ್ನೆಲ್ಲ ಕೆಡವಬೇಕೆಂದಲ್ಲ. ಒಂದು ತೂತನ್ನು ಮುಚ್ಚುವ ಕೆಲಸವನ್ನು ನಾಳೆಗೆ ಬಿಡಬಾರದೆಂಬುದೇ ಅದರ ಪಾಠ. ಹೊಸ ಕಾಂಕ್ರೀಟು ಕಟ್ಟಡವಾದರೂ ನಿರ್ವಹಣೆ ಇಲ್ಲದಿದ್ದರೆ ಅಪಾಯ ತಪ್ಪಿದ್ದಲ್ಲ. ಮಗುವಿನ ಸುರಕ್ಷತೆ ಮೊದಲು. ಕಟ್ಟಡದ ಚರಿತ್ರೆ ಅನಂತರ. ಆದರೆ ಸರಿಯಾದ ದುರಸ್ತಿಯಿಂದ ಎರಡನ್ನೂ ಕಾಪಾಡಬಹುದಾದ ಕಡೆ ಒಂದನ್ನು ಬಲಿಕೊಡುವ ಅಗತ್ಯವಿಲ್ಲ.

ನಮ್ಮ ಹಂಚಿನ ಶಾಲೆಗಳು

ಗಡಿನಾಡಿನ ಅನೇಕ ಕನ್ನಡ ಮಾಧ್ಯಮ ಶಾಲೆಗಳು ಮುರಕಲ್ಲಿನ ಗೋಡೆ, ಮರದ ಪಕ್ಕಾಸು, ಮಂಗಳೂರು ಹಂಚಿನ ಕಟ್ಟಡಗಳಲ್ಲಿ ಆರಂಭವಾದವು. ಬಾಸೆಲ್ ಮಿಶನ್ನಿನ ಗೇಯೋರ್ಗ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಹುಲ್ಲಿನ ಮಾಡಿನ ಜಾಗದಲ್ಲಿ ಕೆಂಪು ಹಂಚು ಬಂತು. ಇಳಿಜಾರಾದ ಮಾಡು ಮಳೆನೀರನ್ನು ಕೂಡಲೇ ಹರಿಯಬಿಡುತ್ತದೆ. ಸಂದುಗಳಿಂದ ಬಿಸಿಗಾಳಿ ಹೊರಹೋಗುತ್ತದೆ. ಉದ್ದದ ಜಗಲಿ ಬಿಸಿಲು ಮಳೆಗಳಿಂದ ಗೋಡೆಯನ್ನೂ ಮಕ್ಕಳನ್ನೂ ಕಾಯುತ್ತದೆ. ಇದು ಈ ಹವೆಗೆ ಒಗ್ಗಿದ ವಾಸ್ತು.

ಈಚಿನ ವರ್ಷಗಳಲ್ಲಿ ಕಿಫ್ಬಿ ಮುಂತಾದ ಮೂಲಗಳಿಂದ ಕೇರಳದ ಸಾರ್ವಜನಿಕ ಶಾಲೆಗಳಿಗೆ ಹೊಸ ಕಟ್ಟಡಗಳು ಬಂದಿವೆ. ಅದು ಸ್ವಾಗತಾರ್ಹ. ಕನ್ನಡ ಶಾಲೆಯ ಮಕ್ಕಳೂ ಉತ್ತಮ ಪ್ರಯೋಗಾಲಯ, ಶುಚಿಯಾದ ಶೌಚಾಲಯ, ಸ್ಮಾರ್ಟ್ ತರಗತಿಗಳಿಗೆ ಹಕ್ಕುದಾರರೇ. ಆದರೆ ಹೊಸದು ಬರಬೇಕಾದರೆ ಹಳೆಯದು ಹೋಗಲೇಬೇಕೆಂಬ ನಿಯಮವಿಲ್ಲ. ಕೆಡವುವ ತೀರ್ಮಾನಕ್ಕೆ ಮುನ್ನ ಈ ಪ್ರಶ್ನೆಗಳನ್ನು ಶಾಲೆಯ ರಕ್ಷಕ ಶಿಕ್ಷಕ ಸಂಘದ ಸಭೆಯಲ್ಲಿ ಕೇಳಬೇಕು.

1. ಕಟ್ಟಡ ದುರ್ಬಲವೆಂದು ಎಂಜಿನಿಯರ್ ಲಿಖಿತವಾಗಿ ತಿಳಿಸಿದ್ದಾರೆಯೇ? ದುರ್ಬಲವಾಗಿರುವುದು ಮಾಡೋ, ಗೋಡೆಯೋ, ಅಡಿಪಾಯವೋ? ಮಾಡು ಮಾತ್ರ ಕೆಟ್ಟಿದ್ದರೆ ಗೋಡೆಯನ್ನೇಕೆ ಕೆಡವಬೇಕು?

2. ದುರಸ್ತಿಯ ಅಂದಾಜು ವೆಚ್ಚವನ್ನು ಹೊಸ ಕಟ್ಟಡದ ವೆಚ್ಚದೊಡನೆ ಹೋಲಿಸಿ ನೋಡಲಾಗಿದೆಯೇ?

3. ಹೊಸ ಕಟ್ಟಡಕ್ಕೆ ಆವರಣದಲ್ಲಿ ಬೇರೆ ಜಾಗವಿದೆಯೇ? ಹಳೆಯದನ್ನು ಗ್ರಂಥಾಲಯ, ಸಭಾಮಂದಿರ ಅಥವಾ ಶಾಲಾ ಚರಿತ್ರೆಯ ಕೋಣೆಯಾಗಿ ಬಳಸಬಹುದೇ?

4. ಶಂಕುಸ್ಥಾಪನೆಯ ಕಲ್ಲು, ದಾನಿಗಳ ಹೆಸರಿನ ಫಲಕ, ಹಳೆಯ ಕನ್ನಡ ನಾಮಫಲಕಗಳನ್ನು ಎಲ್ಲಿ ಇಡಲಾಗುವುದು?

ಹಳೆಯ ಕಟ್ಟಡದಲ್ಲಿ ತರಗತಿ ಮುಂದುವರಿಸುವುದಾದರೆ ಆಧುನಿಕಗೊಳಿಸುವ ಕೆಲಸ ಹೀಗೆ ನಡೆಯಬಹುದು. ವಿದ್ಯುತ್ ತಂತಿಗಾಗಿ ಗೋಡೆ ಕೊರೆಯದೆ ಮೇಲ್ಮೈಯಲ್ಲಿ ಪೈಪು ಹಾಕುವುದು. ಶೌಚಾಲಯವನ್ನು ಹಳೆಯ ಗೋಡೆಗೆ ತಾಗಿಸದೆ ಪ್ರತ್ಯೇಕವಾಗಿ ಕಟ್ಟುವುದು, ಏಕೆಂದರೆ ನಿತ್ಯದ ತೇವವೇ ಮುರಕಲ್ಲಿನ ವೈರಿ. ಗಾಲಿಕುರ್ಚಿಯ ಮಕ್ಕಳಿಗೆ ಬೇಕಾದ ಇಳಿಜಾರು ದಾರಿಯನ್ನು ಮೆಟ್ಟಿಲು ಒಡೆಯದೆ ಪಕ್ಕದಲ್ಲಿ ಜೋಡಿಸುವುದು. ಕಂಪ್ಯೂಟರ್ ಕೋಣೆಗೆ ಹಂಚಿನಡಿ ಮುಚ್ಚಿಗೆ ಹಾಕಿ ಧೂಳು, ತೇವ ತಡೆಯುವುದು. ಸೂರಿನ ನೀರು ಗೋಡೆಯ ಬುಡದಲ್ಲಿ ನಿಲ್ಲದಂತೆ ದಂಬೆ, ಚರಂಡಿ ಮಾಡುವುದು. ನೆಲ, ಗೋಡೆಗಳ ಬಿರುಕು, ಬಿಲಗಳನ್ನು ಮುಚ್ಚುವುದು. ಗೆದ್ದಲು ಹತ್ತಿದ ಮರವನ್ನು ಕೂಡಲೇ ಬದಲಾಯಿಸುವುದು. ಇವುಗಳಲ್ಲಿ ಹೆಚ್ಚಿನವು ಮುಂದೆ ಬೇಡವೆನಿಸಿದರೆ ಕಟ್ಟಡಕ್ಕೆ ಗಾಯವಾಗದಂತೆ ತೆಗೆಯಬಹುದಾದ ಬದಲಾವಣೆಗಳು. ಒಳ್ಳೆಯ ಜೀರ್ಣೋದ್ಧಾರದ ಗುರುತೂ ಅದೇ.

ಕೇರಳದಲ್ಲಿ ಪ್ರತಿ ವರ್ಷ ಶಾಲೆ ತೆರೆಯುವ ಮೊದಲು ಸ್ಥಳೀಯಾಡಳಿತದಿಂದ ಕಟ್ಟಡದ ಫಿಟ್‌ನೆಸ್ ಪ್ರಮಾಣಪತ್ರ ಪಡೆಯಬೇಕು. ಅದು ಕಾಗದದ ಶಾಸ್ತ್ರವಾಗದೆ ನಿಜವಾದ ತಪಾಸಣೆಯಾಗಬೇಕೆಂದು ಪಾಲಕರು ಒತ್ತಾಯಿಸಬೇಕು. ಮೇ ತಿಂಗಳಲ್ಲಿಯೇ ಮಾಡಿನ ಹಂಚು ತೆಗೆದು ನೋಡಿ, ಒಡೆದುದನ್ನು ಬದಲಾಯಿಸಿದರೆ ಜೂನ್ ತಿಂಗಳ ಮಳೆಗೆ ಹೆದರಬೇಕಾಗಿಲ್ಲ.

ಮಕ್ಕಳೂ ಪಾಲಕರೂ ಮಾಡಬಹುದಾದ ಕೆಲಸ

ಮೊದಲು ದಾಖಲೆ. ಊರಿನ ಹಳೆಯ ಕಟ್ಟಡದ ನಾಲ್ಕು ದಿಕ್ಕಿನ ಚಿತ್ರ, ಉದ್ದ ಅಗಲಗಳ ಅಳತೆ, ಕಟ್ಟಿದ ಕಾಲ, ಕಟ್ಟಿಸಿದವರು, ಬಳಸಿದ ವಸ್ತು, ಅದರ ಬಗ್ಗೆ ಹಿರಿಯರು ಹೇಳುವ ಮಾತು, ಇಷ್ಟನ್ನು ಮಕ್ಕಳು ಒಂದು ನೋಟ್‌ಬುಕ್ಕಿನಲ್ಲಿ ಬರೆಯಬಹುದು. ಬಾಗಿಲು, ಪಕ್ಕಾಸು, ರೀಪು, ಮುಚ್ಚಿಗೆ, ಜಗಲಿ, ಪಡಸಾಲೆ ಮೊದಲಾದ ಭಾಗಗಳ ಹೆಸರುಗಳನ್ನು ಊರಿನ ಮಾತಿನಲ್ಲಿಯೇ ಬರೆಯಬೇಕು. ಕಟ್ಟಡ ಹೋದರೆ ಈ ಪದಗಳೂ ಮಕ್ಕಳ ಬಾಯಿಂದ ಹೋಗುತ್ತವೆ.

ಎರಡನೆಯದು ಅರ್ಜಿ. ಸಂರಕ್ಷಿತ ಸ್ಮಾರಕಕ್ಕೆ ಹಾನಿಯಾಗುತ್ತಿದ್ದರೆ ಪುರಾತತ್ತ್ವ ಇಲಾಖೆಗೂ ಜಿಲ್ಲಾಧಿಕಾರಿಗೂ ಬರೆಯಬಹುದು. ಸಂವಿಧಾನದ 350ನೆಯ ವಿಧಿಯಂತೆ ಕುಂದುಕೊರತೆಯ ಅರ್ಜಿಯನ್ನು ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕು ನಮಗಿದೆ. ಕನ್ನಡದಲ್ಲಿಯೇ ಬರೆಯೋಣ.

ಮೂರನೆಯದು ಫಲಕ. ಕನ್ನಡದ ಸಂಬಂಧವುಳ್ಳ ಸ್ಮಾರಕಗಳಲ್ಲಿ ಮಲಯಾಳ, ಇಂಗ್ಲಿಷ್, ಹಿಂದಿಗಳ ಜತೆಗೆ ಕನ್ನಡದ ವಿವರಣೆಯೂ ಇರಲಿ ಎಂದು ಕೇಳುವುದು ಯಾರ ವಿರುದ್ಧವೂ ಅಲ್ಲ. ಮೈಸೂರು, ಚಾಮರಾಜನಗರಗಳಿಂದ ಬರುವ ಪ್ರವಾಸಿಗರಿಗೂ ಅದರಿಂದ ಉಪಯೋಗವಿದೆ.

ನಾಲ್ಕನೆಯದು ಭೇಟಿ. ಶಾಲಾ ಪ್ರವಾಸದಲ್ಲಿ ಮೈಸೂರು ಅರಮನೆಯೊಂದಿಗೆ ಸುಲ್ತಾನ್ ಬತ್ತೇರಿಯ ಬಸದಿಯನ್ನೂ, ಅಂಬಲವಯಲ್ ಬಳಿಯ ಎಡಕ್ಕಲ್ ಗುಹೆಯ ಪ್ರಾಚೀನ ಕೆತ್ತನೆಗಳನ್ನೂ ಸೇರಿಸಬಹುದು. ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದನೆನ್ನಲಾದ ಬೇಕಲ ಕೋಟೆ ಕಾಸರಗೋಡಿನ ಮಕ್ಕಳಿಗೆ ಮನೆಯಂಗಳದಲ್ಲೇ ಇದೆ. ಅಲ್ಲಿನ ಮುರಕಲ್ಲಿನ ಗೋಡೆಯಲ್ಲಿ ಯಾವುದು ಹಳೆಯ ಕಲ್ಲು, ಯಾವುದು ಇತ್ತೀಚಿನ ದುರಸ್ತಿ ಎಂದು ಗುರುತಿಸಲು ಮಕ್ಕಳಿಗೆ ಹೇಳಿ ನೋಡಿ. ಜೀರ್ಣೋದ್ಧಾರದ ಅರ್ಥ ಅವರಿಗೆ ಪುಸ್ತಕಕ್ಕಿಂತ ಬೇಗ ತಿಳಿಯುತ್ತದೆ.

ಈ ಮಳೆಗಾಲಕ್ಕೆ ಮುನ್ನ ಪ್ರತಿಯೊಂದು ಕನ್ನಡ ಶಾಲೆಯ ರಕ್ಷಕ ಶಿಕ್ಷಕ ಸಂಘವೂ ತನ್ನ ಹಳೆಯ ಕಟ್ಟಡದ ಮಾಡು, ನೆಲ, ಗೋಡೆಗಳನ್ನು ಒಮ್ಮೆ ಸುತ್ತಿ ನೋಡಲಿ, ಕಂಡುದನ್ನು ಬರೆದಿಡಲಿ. ಮುಂದಿನ ತೀರ್ಮಾನ ದುರಸ್ತಿಯಾಗಲಿ, ಹೊಸ ಕಟ್ಟಡವಾಗಲಿ, ಆ ಬರಹ ಕೈಯಲ್ಲಿದ್ದರೆ ಅದು ತಿಳಿದು ಮಾಡಿದ ತೀರ್ಮಾನವಾಗಿರುತ್ತದೆ.